ಜೊತೆ ಬಿಟ್ಟರೆ ದಂಡ: ಎಂಟು ದಿನದ ಸೈಕಲ್ ರೇಸು, ಎರಡು ನಿಮಿಷದ ನಿಯಮ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಎರಡು ನಿಮಿಷ ಅಂದ್ರೆ ಎಷ್ಟು ಹೊತ್ತು? ನಾಲ್ಕು ರೀಲ್ಸ್ ನೋಡೋದ್ರಲ್ಲಿ ಮುಗಿದುಹೋಗುತ್ತೆ. ನೂಡಲ್ಸ್ ಕೂಡ ಆಗಲ್ಲ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಪ್ರತಿ ವರ್ಷ ನಡೆಯೋ ಒಂದು ಸೈಕಲ್ ರೇಸಿನಲ್ಲಿ ಈ ಎರಡು ನಿಮಿಷಕ್ಕೆ ಬಹಳ ಬೆಲೆ. ಅಲ್ಲಿ ಯಾರೂ ಒಬ್ಬರೇ ಸ್ಪರ್ಧಿಸೋ ಹಾಗಿಲ್ಲ. ಇಬ್ಬಿಬ್ಬರ ತಂಡ. ದಾರಿ ಮಧ್ಯದ ಚೆಕ್‌ಪಾಯಿಂಟ್‌ಗಳಲ್ಲಿ ಮತ್ತು ಕೊನೇ ಗೆರೆಯಲ್ಲಿ ಇಬ್ಬರ ನಡುವಿನ ಅಂತರ ಎರಡು ನಿಮಿಷ ದಾಟಬಾರದು. ದಾಟಿದರೆ ಒಂದು ಗಂಟೆ ದಂಡ. ಅಂದ್ರೆ ನಿಮ್ಮ ಒಟ್ಟು ಸಮಯಕ್ಕೆ ಪೂರ್ತಿ ಒಂದು ಗಂಟೆ ಸೇರಿಸಿಬಿಡ್ತಾರೆ. ಮತ್ತೆ ಮತ್ತೆ ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ.

ಆ ರೇಸಿನ ಹೆಸರು ಕೇಪ್ ಎಪಿಕ್. ಇವತ್ತಿನ ಸಂಚಿಕೆ ಅದರ ಇತಿಹಾಸದ ಬಗ್ಗೆ. ಜೊತೆಗೆ ಒಂದು ಪ್ರಶ್ನೆ: ಅತಿ ವೇಗವಾಗಿ ಹೋಗೋನೇ ಗೆಲ್ಲಬೇಕು ಅನ್ನೋದು ರೇಸಿನ ಮೂಲ ನಿಯಮ ಅಲ್ವಾ? ಹಾಗಿದ್ದ ಮೇಲೆ, ಅತಿ ವೇಗವಾಗಿ ಹೋಗೋನನ್ನೇ ನಿಲ್ಲಿಸಿ "ನಿನ್ನ ಜೊತೆಗಾರ ಎಲ್ಲಿ?" ಅಂತ ಕೇಳೋ ನಿಯಮ ಎಲ್ಲಿಂದ ಬಂತು?

ಒಂದು ಸಣ್ಣ ಸ್ಪಷ್ಟನೆ. ನಮ್ಮಲ್ಲಿ ಬೈಕ್ ಅಂದ್ರೆ ಪೆಟ್ರೋಲ್ ಹಾಕೋ ಗಾಡಿ. ಇವತ್ತು ನಾನು ಮೌಂಟನ್ ಬೈಕ್ ಅಂದಾಗಲೆಲ್ಲ ಅದು ಪೆಡಲ್ ತುಳಿಯೋ ಸೈಕಲ್. ದಪ್ಪ ಟೈರು, ಗಟ್ಟಿ ಚೌಕಟ್ಟು, ಕಲ್ಲು ಮಣ್ಣಿನ ದಾರಿಗೆ ಅಂತಲೇ ಮಾಡಿದ್ದು.

ಬೆಟ್ಟ ಇಳಿಯೋ ಹುಡುಗರು

ಕಥೆ ಶುರುವಾಗೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ಕೆಲವು ಹುಡುಗರು 1930-40ರ ಕಾಲದ ಹಳೇ ಭಾರದ ಸೈಕಲ್‌ಗಳನ್ನು ಗುಜರಿಯಿಂದ ಹುಡುಕಿ ತಂದು, ಬೆಟ್ಟದ ಮೇಲೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡ್ತಾ ಇದ್ರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದು ಕಡಿದಾದ ಇಳಿಜಾರಿನಲ್ಲಿ ಮೊದಲ ರೇಸ್ ಇಟ್ಟರು. ಅದಕ್ಕೆ 'ರಿಪ್ಯಾಕ್' ಅಂತ ಹೆಸರು. ಯಾಕೆ ಅಂದ್ರೆ, ಆ ಹಳೇ ಸೈಕಲ್‌ಗಳಲ್ಲಿ ಬ್ರೇಕು ಹಿಂದಿನ ಚಕ್ರದ ಹಬ್ ಒಳಗಿರ್ತಿತ್ತು. ಒಂದು ಸಲ ಇಳಿದರೆ ಸಾಕು, ಬಿಸಿಗೆ ಅದರೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆ ಬರ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು.

ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಇವರೆಲ್ಲ ಆ ಗುಂಪಿನವರು. ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆ ಅಂತಲೇ ಹೊಸ ಚೌಕಟ್ಟು ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಬಂತು, ಕಾರ್ಖಾನೆಯಲ್ಲಿ ತಯಾರಾದ ಮೌಂಟನ್ ಬೈಕ್ ಅಂಗಡಿಗೆ ಬಂದಿದ್ದು ಹಾಗೆ. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಪ್ರವೇಶ. ಗುಜರಿ ಸೈಕಲ್‌ನಿಂದ ಒಲಿಂಪಿಕ್ಸ್‌ಗೆ ಬರೀ ಇಪ್ಪತ್ತು ವರ್ಷ.

ಆದರೆ ಇದೆಲ್ಲ ಒಬ್ಬರೇ ಓಡಿಸೋ ಆಟ. ಒಲಿಂಪಿಕ್ಸ್ ರೇಸ್ ಅಂದ್ರೆ ಸುಮಾರು ಒಂದೂವರೆ ಗಂಟೆ, ಅಷ್ಟೇ. ಯಾರು ಮುಂದೆ ಬಂದರೋ ಅವರಿಗೆ ಚಿನ್ನ. ಜೊತೆಗಾರ ಅನ್ನೋ ಕಲ್ಪನೆ ಎಲ್ಲಿತ್ತು?

ತಂಡ ಅಂದ್ರೆ ಏನು?

ತಂಡದ ರೇಸು ಎರಡು ಕಡೆ, ಎರಡು ಥರ ಬೆಳೀತು.

ಒಂದು ಅಮೆರಿಕದ್ದು. 1992ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಲೇರ್ಡ್ ನೈಟ್ ಅನ್ನೋರು '24 ಅವರ್ಸ್ ಆಫ್ ಕೇನನ್' ಶುರು ಮಾಡಿದರು. ಇದು ರಿಲೇ. ಒಬ್ಬ ಒಂದು ಸುತ್ತು ಹೋಗಿ ಬರ್ತಾನೆ, ಆಮೇಲೆ ಇನ್ನೊಬ್ಬ. ಹಗಲು ರಾತ್ರಿ 24 ಗಂಟೆ. ಒಬ್ಬ ಕತ್ತಲಲ್ಲಿ ಹೆಡ್‌ಲೈಟ್ ಕಟ್ಕೊಂಡು ಕಾಡಿನಲ್ಲಿ ತುಳೀತಿದ್ರೆ ಉಳಿದವರು ಟೆಂಟಲ್ಲಿ ಊಟ ಮಾಡ್ತಾ, ನಿದ್ದೆ ಮಾಡ್ತಾ ಇರಬಹುದು. ಇಲ್ಲಿ ತಂಡ ಅಂದ್ರೆ ಕೆಲಸ ಹಂಚಿಕೊಳ್ಳೋದು.

ಇನ್ನೊಂದು ಯುರೋಪಿನದು. ಆಲ್ಪ್ಸ್ ಪರ್ವತವನ್ನು ಸೈಕಲ್ಲಲ್ಲಿ ದಾಟೋ ಹುಚ್ಚು 1990ರ ಆಸುಪಾಸಿನಲ್ಲಿ ಜರ್ಮನಿಯಲ್ಲಿ ಹತ್ತಿಕೊಂಡಿತ್ತು. ಆಂಡಿ ಹೆಕ್‌ಮೈರ್ ಅನ್ನೋರು ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಿಂದ ಹೊರಟು ಇಟಲಿಯ ಗಾರ್ಡಾ ಸರೋವರದ ದಡದ ರೀವಾ ಊರಿನವರೆಗೆ ಒಂದು ದಾರಿ ಮಾಡಿದರು. ಇವರ ಅಪ್ಪ ಆಂಡರ್ಲ್ ಹೆಕ್‌ಮೈರ್ ಯಾರು ಗೊತ್ತಾ? 1938ರಲ್ಲಿ ಐಗರ್ ಪರ್ವತದ ಉತ್ತರ ಗೋಡೆಯನ್ನು ಮೊದಲ ಸಲ ಹತ್ತಿದ ನಾಲ್ವರಲ್ಲಿ ಒಬ್ಬರು. ಅಪ್ಪ ಹಗ್ಗ ಹಿಡಿದು ಹತ್ತಿದರು, ಮಗ ಸೈಕಲ್ ಹಿಡಿದು ದಾಟಿದರು.

ಆ ಹುಚ್ಚಿಗೆ ರೇಸಿನ ರೂಪ ಕೊಟ್ಟವರು ಉಲಿ ಸ್ಟಾನ್ಚು. 1998ರಲ್ಲಿ ಅವರು ಶುರು ಮಾಡಿದ 'ಟ್ರಾನ್ಸಾಲ್ಪ್' ಹಲವು ದಿನಗಳ ರೇಸು, ಇಬ್ಬಿಬ್ಬರ ತಂಡ, ಇಬ್ಬರೂ ಜೊತೆಯಲ್ಲೇ ಹೋಗಬೇಕು.

ಯಾಕೆ ಜೊತೆ? ಇದಕ್ಕೆ ಉತ್ತರ ಪರ್ವತ ಹತ್ತೋರಿಗೆ ಗೊತ್ತು. 2,000 ಮೀಟರ್ ಮೇಲಿನ ಕಣಿವೆ ದಾರಿ. ಬೆಳಗ್ಗೆ ಬಿಸಿಲಿದ್ದರೆ ಮಧ್ಯಾಹ್ನ ಆಲಿಕಲ್ಲು. ಬಿದ್ದು ಕಾಲು ಮುರಿದರೆ, ಪ್ರಪಾತದ ಪಕ್ಕ ಜ್ಞಾನ ತಪ್ಪಿದರೆ, ಸಂಘಟಕರಿಗೆ ಗೊತ್ತಾಗೋ ಹೊತ್ತಿಗೆ ಗಂಟೆಗಟ್ಟಲೆ ಆಗಿರುತ್ತೆ. ಜಿಪಿಎಸ್ ಇರೋ ಫೋನು ಎಲ್ಲರ ಜೇಬಿಗೂ ಬರೋದಕ್ಕೆ ಇನ್ನೂ ಹತ್ತು ವರ್ಷ ಇತ್ತು. ಹಾಗಾಗಿ ಪ್ರತಿಯೊಬ್ಬ ಸವಾರನಿಗೂ ಇನ್ನೊಬ್ಬ ಸವಾರನೇ ಕಾವಲು. ನಮ್ಮ ಕಡೆ ಕಾಡಿಗೆ ಹೋಗೋವಾಗ ಹಿರಿಯರು "ಒಬ್ಬೊಬ್ಬರೇ ಹೋಗಬೇಡ್ರೋ" ಅಂತಾರಲ್ಲ, ಅದೇ ಲೆಕ್ಕ.

ಅಂದ್ರೆ ಈ ನಿಯಮ ಮೊದಲಿಗೆ ಸುರಕ್ಷತೆಯ ವಿಚಾರ. ಸ್ನೇಹ, ತ್ಯಾಗ, ನಂಬಿಕೆ ಅನ್ನೋ ದೊಡ್ಡ ದೊಡ್ಡ ಮಾತೆಲ್ಲ ಆಮೇಲೆ ಸೇರ್ಕೊಂಡಿದ್ದು.

ಲಂಡನ್ನಿನ ಕೆಲಸ ಬಿಟ್ಟ ಕೆವಿನ್

ಈಗ ದಕ್ಷಿಣ ಆಫ್ರಿಕಾಕ್ಕೆ ಬರೋಣ, ಆದರೆ ಮಧ್ಯ ಅಮೆರಿಕದ ಕೋಸ್ಟರಿಕಾ ಮೂಲಕ.

ಕೋಸ್ಟರಿಕಾದಲ್ಲಿ 1993ರಿಂದ 'ಲಾ ರೂಟಾ ದೆ ಲೋಸ್ ಕಾಂಕಿಸ್ಟಡೋರೆಸ್' ಅಂತ ಒಂದು ರೇಸ್ ನಡೀತಿತ್ತು. ಪೆಸಿಫಿಕ್ ಸಮುದ್ರದ ದಡದಿಂದ ಹೊರಟು, ಮಳೆಕಾಡು, ಜ್ವಾಲಾಮುಖಿ ಬೆಟ್ಟಗಳನ್ನೆಲ್ಲ ದಾಟಿ ಆ ಕಡೆಯ ಕೆರಿಬಿಯನ್ ಸಮುದ್ರ ಮುಟ್ಟೋದು. 2002ರಲ್ಲಿ ಅದರಲ್ಲಿ ಭಾಗವಹಿಸಿದವರಲ್ಲಿ ಒಬ್ಬರು ಕೆವಿನ್ ವರ್ಮಾಕ್. ದಕ್ಷಿಣ ಆಫ್ರಿಕಾದವರು, ಲಂಡನ್ನಿನಲ್ಲಿ ಐಟಿ ಕೆಲಸ ಮಾಡ್ತಾ ಇದ್ದವರು. ರೇಸ್ ಮುಗಿಸಿದಾಗ ಅವರ ತಲೇಲಿ ಬಂದಿದ್ದು ಒಂದೇ: ಇಂಥದ್ದು ನಮ್ಮ ದೇಶದಲ್ಲಿ ಯಾಕಿಲ್ಲ?

ಎರಡೇ ವರ್ಷದಲ್ಲಿ, 2004ರ ಫೆಬ್ರುವರಿ ಕೊನೆಗೆ, ಮೊದಲ ಕೇಪ್ ಎಪಿಕ್ ಹೊರಟೇಬಿಟ್ಟಿತು. ಹಿಂದೂ ಮಹಾಸಾಗರದ ದಡದಲ್ಲಿರೋ ನೈಸ್ನಾ ಊರಿಂದ ಸ್ಟೆಲೆನ್‌ಬಾಷ್ ಹತ್ತಿರದ ಸ್ಪಿಯರ್ ದ್ರಾಕ್ಷಿ ತೋಟದವರೆಗೆ. ಸುಮಾರು 550 ಜನ. ಎಂಟು ದಿನ. ಇಬ್ಬಿಬ್ಬರ ತಂಡ, ಯುರೋಪಿನಲ್ಲಿ ಟ್ರಾನ್ಸಾಲ್ಪ್ ಅದಾಗಲೇ ಪರೀಕ್ಷೆ ಮಾಡಿ ನೋಡಿದ್ದ ಮಾದರಿ. ಗೆದ್ದವರು ನಮೀಬಿಯಾದ ಮ್ಯಾನಿ ಹೇಮನ್ಸ್ ಮತ್ತು ಜರ್ಮನಿಯ ಕಾರ್ಲ್ ಪ್ಲಾಟ್.

ಆ ವರ್ಷದ ಮಹತ್ವ ಗಮನಿಸಿ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿ ಕೊನೆಗೊಂಡು, ಎಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆದಿದ್ದು 1994ರಲ್ಲಿ. ಅದಕ್ಕೆ ಸರಿಯಾಗಿ ಹತ್ತು ವರ್ಷ ಆಗಿತ್ತು. ಒಂದು ಕಾಲದಲ್ಲಿ ಈ ದೇಶವನ್ನು ಜಗತ್ತಿನ ಕ್ರೀಡೆಯೇ ಹೊರಗಿಟ್ಟಿತ್ತು. 1964ರಿಂದ ಒಲಿಂಪಿಕ್ಸ್‌ಗೆ ಪ್ರವೇಶ ಇಲ್ಲ, ಮತ್ತೆ ಸೇರಿಸಿಕೊಂಡಿದ್ದು 1992ರ ಬಾರ್ಸಿಲೋನಾದಲ್ಲಿ. ಅಂಥ ದೇಶಕ್ಕೆ ಈಗ ಜಗತ್ತಿನ ಸವಾರರು ತಾವಾಗಿಯೇ ಸೈಕಲ್ ಪೆಟ್ಟಿಗೆ ಹೊತ್ಕೊಂಡು ಬರ್ತಾ ಇದ್ರು.

ಎಂಟು ದಿನ ಅಂದ್ರೆ ಹೇಗಿರುತ್ತೆ?

ದಾರಿ ಪ್ರತಿ ವರ್ಷ ಬದಲಾಗುತ್ತೆ. ಆದರೆ ಲೆಕ್ಕ ಹೆಚ್ಚು ಕಡಿಮೆ ಒಂದೇ: ಸುಮಾರು 700 ಕಿಲೋಮೀಟರ್, ಒಟ್ಟು ಹತ್ತೋ ಎತ್ತರ 15,000 ಮೀಟರ್ ಆಸುಪಾಸು. ಈ ಎರಡನೇ ಸಂಖ್ಯೆ ಅರ್ಥ ಆಗಬೇಕು ಅಂದ್ರೆ ನಂದಿ ಬೆಟ್ಟ ನೆನೆಸ್ಕೊಳ್ಳಿ. ಭಾನುವಾರ ಬೆಳಗ್ಗೆ ಬೆಂಗಳೂರಿನ ಸೈಕಲ್ ಗುಂಪುಗಳು ಹತ್ತೋಕೆ ಹೋಗ್ತಾವಲ್ಲ, ಆ ಏರು ತಳದಿಂದ ತುದಿಗೆ ಹೆಚ್ಚೆಂದರೆ 500 ಮೀಟರ್. ಕೇಪ್ ಎಪಿಕ್ ಮುಗಿಸೋದು ಅಂದ್ರೆ ನಂದಿಯನ್ನು ಮೂವತ್ತು ಸಲ ಹತ್ತಿದ ಹಾಗೆ. ದಿನಕ್ಕೆ ನಾಲ್ಕು ಸಲ. ಅದೂ ಟಾರು ರಸ್ತೆಯಲ್ಲಲ್ಲ, ಉರುಳೋ ಕಲ್ಲು, ಮರಳು, ಒಂದೇ ಸೈಕಲ್ ಹಿಡಿಸೋ ಕಾಲುದಾರಿಗಳಲ್ಲಿ.

ಮಾರ್ಚ್ ತಿಂಗಳು ಅಲ್ಲಿ ಬೇಸಿಗೆಯ ಕೊನೆ. ಬಿಸಿಲು ಸುಡುತ್ತೆ, ಧೂಳು ಗಂಟಲಿಗೆ ಇಳಿಯುತ್ತೆ. ಒಂದು ದಿನ ಮಳೆ ಬಂದರೆ ಅದೇ ಧೂಳು ಕೆಸರಾಗಿ ಚೈನು, ಗೇರು ಎಲ್ಲ ಜಾಮ್. ಸುತ್ತ ಫಿನ್‌ಬಾಸ್ ಅಂತ ಕರೆಯೋ ಕುರುಚಲು ಗಿಡಗಳು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಎಷ್ಟೋ ಜಾತಿಯ ಹೂಗಳು ಅದರಲ್ಲಿವೆ. ಸೇಬಿನ ತೋಟ, ದ್ರಾಕ್ಷಿ ತೋಟ. ನೋಡೋಕೆ ಚಂದ, ಆದರೆ ತುಳೀತಾ ಇರೋನಿಗೆ ಕಾಣೋದು ಮುಂದಿನ ಎರಡು ಮೀಟರ್ ನೆಲ ಮಾತ್ರ.

ಸಂಜೆ ಎಲ್ಲರಿಗೂ ಸಾಲು ಸಾಲು ಪುಟ್ಟ ಟೆಂಟ್. ಊಟ, ಮಸಾಜ್, ಸೈಕಲ್ ತೊಳೆಯೋ ಸಾಲು, ನಿದ್ದೆ. ಬೆಳಕು ಹರಿಯೋ ಮೊದಲೇ ಎದ್ದು, ಕುಳಿತುಕೊಳ್ಳೋ ಜಾಗದ ಗಾಯಕ್ಕೆ ಕ್ರೀಮ್ ಹಚ್ಚಿಕೊಂಡು ಮತ್ತೆ ಹೊರಡೋದು. ಇದು ನಗೋ ವಿಷಯ ಅಲ್ಲ, ಎಷ್ಟೋ ಜನ ಕೈಬಿಡೋದು ಈ ಗಾಯದ ಕಾರಣಕ್ಕೇ. ಪ್ರತಿ ದಿನಕ್ಕೂ ಒಂದು ಗಡುವು ಇರುತ್ತೆ, ಅದರೊಳಗೆ ಮುಟ್ಟಲೇಬೇಕು.

ಈಗ ಎರಡು ನಿಮಿಷಕ್ಕೆ ವಾಪಸ್ ಬರೋಣ. ಇಬ್ಬರು ಗೆಳೆಯರು ಅಂದುಕೊಳ್ಳಿ. ಒಬ್ಬ ಏರು ಹತ್ತೋದ್ರಲ್ಲಿ ಗಟ್ಟಿ, ಇನ್ನೊಬ್ಬ ಇಳಿಯೋದ್ರಲ್ಲಿ ಚುರುಕು. ಮೊದಲ ದಿನ ಹುಮ್ಮಸ್ಸು. ಮೂರನೇ ದಿನ ಒಬ್ಬನಿಗೆ ಹೊಟ್ಟೆ ಕೆಡುತ್ತೆ. ಇನ್ನೊಬ್ಬನ ಕಾಲಿನಲ್ಲಿ ಶಕ್ತಿ ಇದೆ, ವರ್ಷಗಟ್ಟಲೆ ತಯಾರಿ ಮಾಡಿದ್ದಾನೆ, ರಜೆ ಹಾಕಿದ್ದಾನೆ, ದುಡ್ಡು ಸುರಿದಿದ್ದಾನೆ. ಈಗ ಏನು ಮಾಡ್ತಾನೆ? ನಿಲ್ಲಬೇಕು. ಬರೀ ನಿಂತರೆ ಸಾಲದು, ಜೊತೆಗಾರನ ಮುಂದೆ ಸೈಕಲ್ ಇಟ್ಟು ಗಾಳಿ ತಡೀಬೇಕು. ಏರಿನಲ್ಲಿ ಬೆನ್ನಿಗೆ ಕೈ ಕೊಟ್ಟು ತಳ್ಳಬೇಕು. ಅವನ ನೀರಿನ ಬಾಟಲಿ, ಜಾಕೆಟ್ಟು ತಾನು ಹೊರಬೇಕು. ಅವನ ಚಕ್ರ ಒಡೆದರೆ ತನ್ನ ಚಕ್ರ ಬಿಚ್ಚಿ ಕೊಡಬಹುದು. ಇದೆಲ್ಲದಕ್ಕೂ ನಿಯಮದಲ್ಲಿ ಅವಕಾಶ ಇದೆ.

ಇದರಲ್ಲಿ ಇನ್ನೊಂದು ಕಷ್ಟ ಇದೆ, ಅದು ಹಿಂದೆ ಬಿದ್ದವನದ್ದು. ತಳ್ಳಿಸಿಕೊಳ್ಳೋದು ಸುಲಭ ಅಲ್ಲ. "ನನ್ನಿಂದ ಇವನ ರೇಸು ಹಾಳಾಯ್ತು" ಅನ್ನೋ ಯೋಚನೆ ಹೊಟ್ಟೆನೋವಿಗಿಂತ ಜಾಸ್ತಿ ಕಾಡುತ್ತೆ. ಹೀಗಾಗಿ ಈ ರೇಸಿಗೆ ತಯಾರಾಗೋರಿಗೆ ಅನುಭವಿಗಳು ಕೊಡೋ ಮೊದಲ ಸಲಹೆ ಸೈಕಲ್ ಬಗ್ಗೆ ಇರಲ್ಲ. ಜೊತೆಗಾರನ ಹತ್ತಿರ ಮೊದಲೇ ಕೂತು ಮಾತಾಡಿ, ಇಬ್ಬರ ಗುರಿ ಒಂದೇನಾ ಅಂತ ನೋಡ್ಕೊಳ್ಳಿ ಅನ್ನೋದು. ಒಬ್ಬನಿಗೆ ಮುಗಿಸಿದರೆ ಸಾಕು, ಇನ್ನೊಬ್ಬನಿಗೆ ಮೊದಲ ನೂರರಲ್ಲಿ ಬರಬೇಕು ಅಂದ್ರೆ, ಜಗಳ ಗ್ಯಾರಂಟಿ.

ಜೊತೆಗಾರ ಪೂರ್ತಿ ಕೈಬಿಟ್ಟರೆ? ಉಳಿದವನು ಬೇಕಾದರೆ ಮುಂದುವರಿಯಬಹುದು, ಆದರೆ ತಂಡದ ಪಟ್ಟಿಯಲ್ಲಿ ಹೆಸರಿರಲ್ಲ. ಅವನು 700 ಕಿಲೋಮೀಟರ್ ತುಳಿದಿದ್ದರೂ, ತಂಡ ಮುಗಿಸಿಲ್ಲ.

ಸೌಸರ್ ಮತ್ತು ಬರ್ರಿ

ಕೇಪ್ ಎಪಿಕ್ ಇತಿಹಾಸದಲ್ಲಿ ಐದೈದು ಸಲ ಗೆದ್ದವರ ಪಟ್ಟಿ ಚಿಕ್ಕದು. ಪುರುಷರಲ್ಲಿ ಮೊದಲು ಆ ಲೆಕ್ಕ ಮುಟ್ಟಿದವರು ಮೊದಲ ವರ್ಷವೇ ಗೆದ್ದ ಜರ್ಮನಿಯ ಕಾರ್ಲ್ ಪ್ಲಾಟ್ ಮತ್ತು ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ಸೌಸರ್. ಮಹಿಳೆಯರಲ್ಲಿ ಡೆನ್ಮಾರ್ಕಿನ ಅನಿಕಾ ಲಾಂಗ್‌ವಾಡ್. ಗಮನಿಸಿ, ಈ ಮೂವರಲ್ಲಿ ಯಾರೂ ಐದೂ ಸಲ ಒಬ್ಬರೇ ಜೊತೆಗಾರರ ಜೊತೆ ಗೆದ್ದಿಲ್ಲ. ಲಾಂಗ್‌ವಾಡ್ 2019ರಲ್ಲಿ ಗೆದ್ದಾಗ ಜೊತೆಗಿದ್ದವರು ಆನಾ ವಾನ್ ಡರ್ ಬ್ರೆಗನ್, ರಸ್ತೆ ಸೈಕ್ಲಿಂಗ್‌ನ ಒಲಿಂಪಿಕ್ ಚಾಂಪಿಯನ್. ಅಂದ್ರೆ ಹೊಸಬರ ಜೊತೆ ಹೊಂದಿಕೊಳ್ಳೋದೂ ಇಲ್ಲಿ ಒಂದು ವಿದ್ಯೆ.

ಇವರಲ್ಲಿ ಸೌಸರ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು.

ಸೌಸರ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು, 2008ರ ವಿಶ್ವ ಚಾಂಪಿಯನ್. ಸ್ವಿಟ್ಜರ್ಲೆಂಡಿನ ಚಳಿ ತಪ್ಪಿಸಿಕೊಂಡು ತರಬೇತಿಗೆ ಅಂತ ಸ್ಟೆಲೆನ್‌ಬಾಷ್‌ಗೆ ಬರ್ತಿದ್ರು. ಸ್ಟೆಲೆನ್‌ಬಾಷ್ ದ್ರಾಕ್ಷಿ ತೋಟಗಳ, ಬಿಳೀ ಗೋಡೆಯ ಹಳೇ ಬಂಗಲೆಗಳ ಶ್ರೀಮಂತ ಊರು. ಅದರ ಪಕ್ಕದಲ್ಲೇ ಕಾಯಾಮಾಂಡಿ. ವರ್ಣಭೇದದ ಕಾಲದಲ್ಲಿ ಕಪ್ಪು ಕಾರ್ಮಿಕರನ್ನು ಇರಿಸಿದ್ದ ಟೌನ್‌ಷಿಪ್. ಖೋಸಾ ಭಾಷೆಯಲ್ಲಿ ಆ ಹೆಸರಿಗೆ 'ಸವಿಯಾದ ಮನೆ' ಅನ್ನೋ ಅರ್ಥ, ಇರೋದು ಒತ್ತೊತ್ತಾಗಿ ತಗಡಿನ ಮನೆಗಳು. ಅಲ್ಲಿನ ಸೊಂಗೊ ಫಿಪಾಜಾ ಅನ್ನೋರ ಜೊತೆ ಸೇರಿ ಸೌಸರ್ 2008ರಲ್ಲಿ ಒಂದು ಸಂಸ್ಥೆ ಶುರು ಮಾಡಿದರು. ಕಾಯಾಮಾಂಡಿಯ ಮಕ್ಕಳಿಗೆ ಸೈಕಲ್, ಜೊತೆಗೆ ಓದು. ಹೆಸರು 'ಸೊಂಗೊ'.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕೇಪ್ ಎಪಿಕ್ ದುಬಾರಿ ಆಟ. ಪ್ರವೇಶ ಶುಲ್ಕ, ಸೈಕಲ್, ವಿಮಾನ, ತಯಾರಿ ಎಲ್ಲ ಸೇರಿದರೆ ಸಾಮಾನ್ಯರಿಗೆ ಕೈಗೆಟುಕಲ್ಲ. ರೇಸ್ ಹಾದುಹೋಗೋ ತೋಟಗಳಲ್ಲಿ ಕೆಲಸ ಮಾಡೋರ ಮಕ್ಕಳು ಬೇಲಿ ಪಕ್ಕ ನಿಂತು ಚಪ್ಪಾಳೆ ಹೊಡೀತಾರೆ, ಸೈಕಲ್ ಮೇಲೆ ಹೋಗೋರಲ್ಲಿ ಅವರಂಥವರು ಕಮ್ಮಿ. ಸೊಂಗೊ ಥರದ ಕೆಲಸಗಳಿಂದ ಆ ಅಂತರ ಮುಚ್ಚಿಹೋಗಿಲ್ಲ. ಆದರೆ ಅಂತರ ಇದೆ ಅಂತ ಒಪ್ಪಿಕೊಂಡು ಶುರುವಾದ ಕೆಲಸ ಅದು.

ಸೌಸರ್‌ಗೆ ಜೊತೆಗಾರನಾಗಿ ಸಿಕ್ಕವನು ಬರ್ರಿ ಸ್ಟಾಂಡರ್. ಸೌಸರ್‌ಗಿಂತ ಹನ್ನೊಂದು ವರ್ಷ ಚಿಕ್ಕವನು. ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿ ಕ್ವಾಜುಲು-ನಟಾಲ್‌ನ ಹುಡುಗ. 2009ರಲ್ಲಿ 23ರೊಳಗಿನವರ ವಿಶ್ವ ಚಾಂಪಿಯನ್, ಮರುವರ್ಷ ದೊಡ್ಡವರ ವಿಭಾಗದಲ್ಲೇ ವಿಶ್ವ ಚಾಂಪಿಯನ್‌ಷಿಪ್ ಕಂಚು. 2011ರಲ್ಲಿ ಸೌಸರ್ ಮತ್ತು ಬರ್ರಿ ಕೇಪ್ ಎಪಿಕ್ ಗೆದ್ದರು. ತನ್ನದೇ ನೆಲದ ಈ ರೇಸನ್ನು ಪುರುಷರ ವಿಭಾಗದಲ್ಲಿ ಗೆದ್ದ ಮೊದಲ ದಕ್ಷಿಣ ಆಫ್ರಿಕನ್ ಬರ್ರಿ. ಅಲ್ಲಿವರೆಗೆ ಏಳು ವರ್ಷ ಕಪ್ಪು ಹೊರಗಿನವರಿಗೇ ಹೋಗ್ತಿತ್ತು. ಊರೂರಲ್ಲಿ ಸಂಭ್ರಮ. 2012ರಲ್ಲಿ ಇಬ್ಬರೂ ಮತ್ತೆ ಗೆದ್ದರು.

ಅದೇ ವರ್ಷ ಆಗಸ್ಟ್, ಲಂಡನ್ ಒಲಿಂಪಿಕ್ಸ್. ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಕೊನೇ ಕ್ಷಣದಲ್ಲಿ ಸ್ವಿಸ್ ಸವಾರ ನಿನೊ ಶುರ್ಟರ್‌ರನ್ನು ಹಿಂದೆ ಹಾಕಿ ಚಿನ್ನ ಗೆದ್ದರು. ಬರ್ರಿ ಐದನೇ ಸ್ಥಾನ. ವಯಸ್ಸಿನ್ನೂ 24. ಮುಂದಿನ ಒಲಿಂಪಿಕ್ಸ್ ಅವನದೇ ಅಂತ ಅನೇಕರು ಅಂದ್ಕೊಂಡಿದ್ರು.

2013ರ ಜನವರಿ 3. ಬರ್ರಿ ತನ್ನ ಊರಿನ ಕಡೆ, ಶೆಲ್ಲಿ ಬೀಚ್‌ನಲ್ಲಿ, ತರಬೇತಿಗೆ ಸೈಕಲ್ ಮೇಲೆ ಹೋಗಿದ್ದ. ಬೆಟ್ಟ ಅಲ್ಲ, ಕಲ್ಲು ದಾರಿ ಅಲ್ಲ, ಮಾಮೂಲಿ ರಸ್ತೆ. ಒಂದು ಮಿನಿಬಸ್ ಟ್ಯಾಕ್ಸಿ ಡಿಕ್ಕಿ ಹೊಡೀತು. ಬರ್ರಿ ಅಲ್ಲೇ ತೀರಿಕೊಂಡ. 25 ವರ್ಷ.

ಹತ್ತು ವಾರದ ಆಚೆಗೆ ಕೇಪ್ ಎಪಿಕ್ ಇತ್ತು.

ಯೋಚನೆ ಮಾಡಿ. ಜೊತೆಗಾರನಿಂದ ಎರಡು ನಿಮಿಷ ದೂರ ಹೋಗಬಾರದು ಅನ್ನೋದು ಈ ರೇಸಿನ ನಿಯಮ. ಎರಡು ವರ್ಷ ಹಾಗೇ ಬಾಳಿದ ಜೋಡಿ. ಈಗ ಒಬ್ಬ ಇಲ್ಲ. ಸೌಸರ್ ಸುಮ್ಮನಿರಬಹುದಿತ್ತು, ಯಾರೂ ಏನೂ ಅಂತಿರಲಿಲ್ಲ. ಅವರು ಬಂದರು. ಜೊತೆಗೆ ಬಂದಿದ್ದು ಕುಲ್ಹಾವಿ. ಹೌದು, ಲಂಡನ್‌ನಲ್ಲಿ ಬರ್ರಿ ಐದನೆಯವನಾದ ಅದೇ ರೇಸಿನಲ್ಲಿ ಚಿನ್ನ ಗೆದ್ದ ಕುಲ್ಹಾವಿ. ತಂಡಕ್ಕೆ ಇಟ್ಟ ಹೆಸರು 'ಬರ್ರಿ ಸ್ಟಾಂಡರ್-ಸೊಂಗೊ'. ಅಂದ್ರೆ ಪ್ರತಿ ದಿನ ಸಂಜೆ ಫಲಿತಾಂಶದ ಪಟ್ಟಿ ಓದುವಾಗ, ಸ್ಪರ್ಧೆಯಲ್ಲಿ ಇಲ್ಲದವನ ಹೆಸರನ್ನು ಎಲ್ಲರೂ ಓದಲೇಬೇಕು.

ಎಂಟನೇ ದಿನ ಆ ಪಟ್ಟಿಯ ಮೊದಲ ಸಾಲಿನಲ್ಲಿ ಆ ಹೆಸರೇ ಇತ್ತು. ಸೌಸರ್ ಮತ್ತು ಕುಲ್ಹಾವಿ ಗೆದ್ದರು.

2015ರಲ್ಲಿ ಇದೇ ಜೋಡಿ ಮತ್ತೆ ಗೆದ್ದಿತು. ದಕ್ಷಿಣ ಆಫ್ರಿಕಾದ ಇನ್ನೊಬ್ಬ ಸವಾರ, ಮ್ಯಾಟ್ ಬೀರ್ಸ್, ಗೆಲ್ಲೋಕೆ 2021ರವರೆಗೆ ಕಾಯಬೇಕಾಯ್ತು.

ಜೊತೆ ಮುರಿಯೋದು ಹೀಗೂ ಇದೆ

ಬರೀ ಒಳ್ಳೆಯದನ್ನೇ ಹೇಳಿದರೆ ಇತಿಹಾಸ ಆಗಲ್ಲ. ಅದೇ 2012ರಲ್ಲಿ ದಕ್ಷಿಣ ಆಫ್ರಿಕಾದ ಮತ್ತೊಂದು ಪ್ರಮುಖ ಜೋಡಿ ಇತ್ತು. ಅದರಲ್ಲಿ ಒಬ್ಬರ ಪರೀಕ್ಷೆಯಲ್ಲಿ ಇಪಿಒ ಅನ್ನೋ ನಿಷೇಧಿತ ಔಷಧ ಪತ್ತೆಯಾಯ್ತು. ಕೆಂಪು ರಕ್ತಕಣ ಹೆಚ್ಚಿಸಿ ದಮ್ಮು ಜಾಸ್ತಿ ಮಾಡೋ ಔಷಧ ಅದು. ತಂಡ ಒಡೆದುಹೋಯ್ತು. ತಪ್ಪು ಮಾಡಿದ್ದು ಒಬ್ಬ, ಆದರೆ ದಿನಾ ಅವನ ಹಿಂದಿನ ಚಕ್ರ ನೋಡ್ಕೊಂಡು ತುಳಿದ ಇನ್ನೊಬ್ಬನೂ ಬೀದಿಗೆ ಬಿದ್ದ. ಒಬ್ಬರೇ ಓಡೋ ಆಟದಲ್ಲಿ ಮೋಸದ ಬೆಲೆ ಮೋಸಗಾರನಿಗೆ. ಇಲ್ಲಿ ಹಾಗಲ್ಲ. ಕೇಪ್ ಎಪಿಕ್ ಸಂಘಟಕರು ಆಮೇಲೆ ಉದ್ದೀಪನ ಮದ್ದಿನ ವಿಷಯದಲ್ಲಿ ಬಹಳ ಬಿಗಿಯಾದರು, ಸಿಕ್ಕಿಬಿದ್ದವರಿಗೆ ಈ ರೇಸಿನ ಬಾಗಿಲು ಜೀವನಪೂರ್ತಿ ಬಂದ್ ಅನ್ನೋ ನಿಲುವು ತಗೊಂಡರು.

ದುಡ್ಡಿನ ವಿಚಾರವೂ ಬದಲಾಗಿದೆ. ಒಬ್ಬ ವ್ಯಕ್ತಿಯ ಕನಸಾಗಿ ಶುರುವಾದ ರೇಸನ್ನು 2016ರಲ್ಲಿ ಐರನ್‌ಮ್ಯಾನ್ ಕಂಪನಿ ಕೊಂಡುಕೊಂಡಿತು. 2020ರಲ್ಲಿ ಕೊರೊನಾದಿಂದ ರೇಸೇ ನಡೀಲಿಲ್ಲ, 2021ರದ್ದು ಮಾರ್ಚ್ ಬದಲು ಅಕ್ಟೋಬರ್‌ನಲ್ಲಿ ನಡೀತು. ಈಗ ಡ್ರೋನ್, ಲೈವ್ ವಿಡಿಯೊ, ಜಿಪಿಎಸ್ ಎಲ್ಲ ಇದೆ. ಯಾವ ಸವಾರ ಎಲ್ಲಿದ್ದಾನೆ ಅಂತ ಹುಡುಕೋದು 1998ರಷ್ಟು ಕಷ್ಟ ಅಲ್ಲ.

ಹಾಗಿದ್ದರೆ, ಸುರಕ್ಷತೆಗೆ ಅಂತ ಬಂದ ಜೋಡಿಯ ನಿಯಮವನ್ನು ಈಗ ತೆಗೆದುಹಾಕಬಹುದಲ್ಲ? ತೆಗೆದಿಲ್ಲ. ತೆಗೆದರೆ ಇದು ಇನ್ನೊಂದು ಉದ್ದದ ಸೈಕಲ್ ರೇಸ್ ಆಗುತ್ತೆ, ಅಷ್ಟೇ. ಜನ ಈ ರೇಸಿಗೆ ಬರೋದೇ ಆ ಎರಡು ನಿಮಿಷಕ್ಕೆ. ಗಂಡ-ಹೆಂಡತಿ ಬರ್ತಾರೆ, ಅಪ್ಪ-ಮಗ ಬರ್ತಾರೆ, ಕಾಲೇಜು ಗೆಳೆಯರು ಐವತ್ತನೇ ವಯಸ್ಸಲ್ಲಿ ಬರ್ತಾರೆ. ಎಂಟು ದಿನ ಒಬ್ಬರನ್ನೊಬ್ಬರು ಬಿಟ್ಟುಹೋಗದೆ ಇರೋಕೆ ಆಗುತ್ತಾ ಅಂತ ನೋಡ್ಕೊಳ್ಳೋಕೆ.

ಮೂರು ಸಲ ಪೂರ್ತಿ ಮುಗಿಸಿದವರಿಗೆ ಒಂದು ಕೂಟ ಇದೆ. 'ಅಮಾಬುಬೇಸಿ' ಅಂತ ಹೆಸರು. ಜುಲು ಭಾಷೆಯಲ್ಲಿ ಸಿಂಹಗಳು. ಬಹುವಚನ. ಸಿಂಹ ಗುಂಪಿನಲ್ಲೇ ಬಾಳೋ ಪ್ರಾಣಿ ಅಲ್ವಾ, ಹೆಸರು ಸರಿಯಾಗೇ ಇಟ್ಟಿದ್ದಾರೆ.

ನಮ್ಮ ಕಡೆ

ಭಾರತದಲ್ಲೂ ಹಲವು ದಿನದ ಮೌಂಟನ್ ಬೈಕ್ ರೇಸ್ ಇದೆ. ಹಿಮಾಚಲ ಪ್ರದೇಶದಲ್ಲಿ 2005ರಲ್ಲಿ 'ಎಂಟಿಬಿ ಹಿಮಾಲಯ' ಶುರುವಾಯ್ತು, ಶಿಮ್ಲಾದಿಂದ ಹೊರಟು ದೇವದಾರು ಕಾಡು, ಸೇಬಿನ ತೋಟದ ಹಳ್ಳಿಗಳ ನಡುವೆ ಹೋಗೋದು. ಬೆಂಗಳೂರಿನ ಸವಾರರೂ ಅಲ್ಲಿ ತುಳಿದಿದ್ದಾರೆ. ನಂದಿಯಲ್ಲಿ, ಅವಲಬೆಟ್ಟದಲ್ಲಿ ಪ್ರತಿ ವಾರ ತಯಾರಿ ಮಾಡೋ ಹುಡುಗ ಹುಡುಗಿಯರನ್ನು ನೀವೂ ನೋಡಿರ್ತೀರಿ. ನೀವೇ ಅವರಲ್ಲಿ ಒಬ್ಬರಿರಬಹುದು.

ಗುಂಪಿನಲ್ಲಿ ನಂದಿಗೆ ಹೋದವರಿಗೆ ಇದು ಗೊತ್ತಿರುತ್ತೆ. ಬೆಳಗಿನ ಜಾವ ನಾಲ್ಕೂವರೆಗೆ ಎಲ್ಲರೂ ಒಟ್ಟಿಗೆ ಹೊರಡ್ತಾರೆ. ದೇವನಹಳ್ಳಿ ದಾಟೋ ಹೊತ್ತಿಗೆ ಗುಂಪು ಉದ್ದ ಆಗಿರುತ್ತೆ. ಬೆಟ್ಟದ ಬುಡಕ್ಕೆ ಬಂದಾಗ ಮುಂದಿನವರು ಅದಾಗಲೇ ಮೇಲಿನ ತಿರುವಿನಲ್ಲಿ. ತುದಿಗೆ ಹೋಗಿ ಫೋಟೊ ಹೊಡ್ಕೊಂಡು, ಆ್ಯಪ್‌ನಲ್ಲಿ ಟೈಮಿಂಗ್ ಹಾಕಿ, ಕೊನೆಯವನು ಏದುಸಿರು ಬಿಟ್ಕೊಂಡು ಬರೋ ಹೊತ್ತಿಗೆ "ಸರಿ, ಹೊರಡೋಣ್ವಾ?" ಅಂತಾರೆ. ಅವನಿಗೆ ಕೂತು ನೀರು ಕುಡಿಯೋಕೂ ಆಗಿರಲ್ಲ.

ಇದರಲ್ಲಿ ಯಾರದೂ ತಪ್ಪಿಲ್ಲ. ಆ್ಯಪ್ ಅಳೆಯೋದು ನಾವು ಎಷ್ಟು ಬೇಗ ಹತ್ತಿದೆವು ಅನ್ನೋದನ್ನ ಮಾತ್ರ. ಹಿಂದೆ ಇದ್ದವನು ಎಷ್ಟು ದೂರ ಇದ್ದ ಅನ್ನೋದನ್ನ ಅಳೆಯೋಕೆ ಅದರಲ್ಲಿ ಜಾಗ ಇಲ್ಲ. ಕೇಪ್ ಎಪಿಕ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೀತಾ ಬಂದಿರೋದು ಅದನ್ನೇ. ಮುಂದಿನ ಭಾನುವಾರ ಹೋದರೆ, ಕೊನೆಯವನ ಜೊತೆ ಒಂದು ಸಲ ತುಳಿದು ನೋಡಿ. ನಿಮ್ಮ ಟೈಮಿಂಗ್ ಕೆಡುತ್ತೆ, ಅದಂತೂ ಖಂಡಿತ. ಮೇಲೆ ಹೋದ ಮೇಲೆ ಇಬ್ಬರೂ ಒಟ್ಟಿಗೆ ನೀರು ಕುಡೀಬಹುದು.

ಇವತ್ತಿಗೆ ಇಷ್ಟು. ರಸ್ತೆಯಲ್ಲಿ ಸೈಕಲ್ ತುಳಿಯೋರು ಹೆಲ್ಮೆಟ್ ಹಾಕಿ, ಹಿಂದೆ ಕೆಂಪು ದೀಪ ಇರಲಿ. ಗಾಡಿ ಓಡಿಸೋರು ಸೈಕಲ್ ಕಂಡರೆ ಸ್ವಲ್ಪ ಜಾಗ ಬಿಟ್ಟು ಹೋಗಿ. ಬರ್ರಿ ಸ್ಟಾಂಡರ್ ಅಂಥಾ ಬೆಟ್ಟಗಳನ್ನೆಲ್ಲ ಇಳಿದವನು, ಅವನನ್ನು ನಾವು ಕಳ್ಕೊಂಡಿದ್ದು ಮಾಮೂಲಿ ರಸ್ತೆಯಲ್ಲಿ.

ಮತ್ತೆ ಸಿಗೋಣ. ನಮಸ್ಕಾರ.